ಮುದ್ದೆ ಉಂಡರೂ ಶುಗರ್ ಏರಿತೇಕೆ?

ಸಕ್ಕರೆ ಕಾಯಿಲೆಯ ಡಾಕ್ಟರ ಮುಂದೆ ಕುಳಿತವರ ಬಾಯಲ್ಲಿ ಪದೇಪದೇ ಬರುವ ಮಾತೊಂದಿದೆ: ‘ಅನ್ನ ಮುಟ್ಟೋದೇ ಬಿಟ್ಟಿದ್ದೀನಿ ಡಾಕ್ಟ್ರೇ, ಎರಡು ಹೊತ್ತೂ ಮುದ್ದೆನೇ. ಆದ್ರೂ ರಿಪೋರ್ಟ್‌ನಲ್ಲಿ ಶುಗರ್ ಇಳಿದೇ ಇಲ್ಲ.’ ಕಲಬುರಗಿ, ವಿಜಯಪುರದ ಕಡೆ ಇದೇ ದೂರು ಜೋಳದ ರೊಟ್ಟಿಯ ಹೆಸರಿನಲ್ಲಿ ಕೇಳಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನವಣೆ, ಸಾಮೆಯ ಹೆಸರಿನಲ್ಲಿ. ಧಾನ್ಯ ಬದಲಾಗಿದೆ, ಪಥ್ಯವೂ ಶ್ರದ್ಧೆಯಿಂದಲೇ ನಡೆದಿದೆ. ಫಲ ಮಾತ್ರ ಕಂಡಿಲ್ಲ.

ಇವರು ಸುಳ್ಳು ಹೇಳುತ್ತಿಲ್ಲ. ರಾಗಿಯ ಗುಣವೂ ಸುಳ್ಳಲ್ಲ. ಅನ್ನವೋ ಮುದ್ದೆಯೋ ಎಂಬ ಒಂದೇ ಪ್ರಶ್ನೆಗೆ ನಾವು ಎಲ್ಲ ಗಮನವನ್ನೂ ಕೊಟ್ಟು, ಅದಕ್ಕಿಂತ ದೊಡ್ಡ ಮೂರು ಪ್ರಶ್ನೆಗಳನ್ನು ಮರೆತಿದ್ದೇವೆ: ಎಷ್ಟು ತಿಂದೆವು, ಯಾವ ರೂಪದಲ್ಲಿ ತಿಂದೆವು, ಯಾವುದರ ಜೊತೆ ತಿಂದೆವು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿದ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಹೊರಗಿಟ್ಟ ಲೆಕ್ಕದಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯ ಆಹಾರ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಸುಮಾರು ಶೇ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ ಎಂದು ಅದು ಹೇಳಿತು. ಸಿರಿಧಾನ್ಯವನ್ನು ಮುಖ್ಯ ಆಹಾರವಾಗಿ ಉಣ್ಣುವ ಮೂರೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂಬ ಸಮಾಧಾನದ ಸಂಗತಿಯೂ ಅದರಲ್ಲಿತ್ತು. ಆದರೆ ಬೆನ್ನಿಗೇ ಇನ್ನೊಂದು ಮಾತಿತ್ತು: ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ಬಂದು, ಒಟ್ಟು ಪಿಷ್ಟದ ಪ್ರಮಾಣ ಅಷ್ಟೇ ಉಳಿದರೆ ಮಧುಮೇಹದ ಅಪಾಯ ಇಳಿಯುವ ಸೂಚನೆ ಕಾಣಲಿಲ್ಲ. ಪಿಷ್ಟದಿಂದ ಬರುವ ಕ್ಯಾಲೊರಿಯಲ್ಲಿ ಒಂದು ಸಣ್ಣ ಪಾಲನ್ನು, ದಿನದ ಒಟ್ಟಿನ ಶೇ 5ರಷ್ಟನ್ನು, ಬೇಳೆಕಾಳು ಇಲ್ಲವೇ ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಅಪಾಯ ತಗ್ಗಿತು.

ತುತ್ತು ರಕ್ತಕ್ಕೆ ಇಳಿಯುವ ದಾರಿ

ಅಕ್ಕಿ, ರಾಗಿ, ಜೋಳ, ಗೋಧಿ, ಆಲೂಗಡ್ಡೆ ಎಲ್ಲದರಲ್ಲೂ ಇರುವ ಪಿಷ್ಟ ಎಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ. ಇದರಲ್ಲಿ ಎರಡು ಬಗೆ. ಅಮೈಲೋಸ್‌ನದು ಹೆಚ್ಚು ಕವಲಿಲ್ಲದ, ಒತ್ತಾಗಿ ಸುತ್ತಿಕೊಂಡ ಎಳೆ. ಕಿಣ್ವಗಳು ಅದರೊಳಗೆ ನುಗ್ಗಲು ಹೊತ್ತು ಬೇಕು. ಅಮೈಲೋಪೆಕ್ಟಿನ್‌ಗೆ ಮರದ ಹಾಗೆ ರೆಂಬೆಗಳು. ಎಲ್ಲ ತುದಿಗಳಿಂದಲೂ ಒಮ್ಮೆಗೇ ಕತ್ತರಿ ಬೀಳುತ್ತದೆ. ಕತ್ತರಿಸುವ ಕೆಲಸ ಬಾಯಿಯ ಜೊಲ್ಲಿನಲ್ಲೇ ಶುರುವಾಗುತ್ತದೆ. ಹೊಟ್ಟೆಯ ಆಮ್ಲದಲ್ಲಿ ತುಸು ನಿಂತು, ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸ ಸೇರಿದ ಮೇಲೆ ಭರದಿಂದ ಮುಗಿಯುತ್ತದೆ. ಬಿಡಿಬಿಡಿಯಾದ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ.

ಸೇರಿದ್ದನ್ನು ಸ್ನಾಯುಗಳಿಗೂ ಯಕೃತ್ತಿಗೂ ತಲುಪಿಸುವುದು ಇನ್ಸುಲಿನ್ನಿನ ಕೆಲಸ. ಆರೋಗ್ಯವಂತರಲ್ಲಿ ಊಟ ಶುರುವಾದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ನಿನ ಮೊದಲ ಕಂತು ಹೊರಬರುತ್ತದೆ. ಟೈಪ್ 2 ಮಧುಮೇಹದಲ್ಲಿ ಆ ಮೊದಲ ಕಂತೇ ಸೊರಗಿರುತ್ತದೆ. ಬಂದದ್ದಕ್ಕೂ ಸ್ನಾಯುಗಳು ಸರಿಯಾಗಿ ಓಗೊಡುವುದಿಲ್ಲ. ಹೀಗಿರುವಾಗ ಗ್ಲೂಕೋಸ್ ಎಷ್ಟು ಬಂತು ಎಂಬುದರಷ್ಟೇ, ಎಷ್ಟು ಬೇಗ ಬಂತು ಎಂಬುದೂ ಮುಖ್ಯ. ಕೆರೆಯ ನೀರನ್ನು ತೂಬು ತೆರೆದು ಬಿಟ್ಟರೆ ಗದ್ದೆಗೆ ಉಣಿಸು. ಅದೇ ನೀರು ಏರಿ ಒಡೆದುಕೊಂಡು ಬಂದರೆ ಬೆಳೆ ನಾಶ. ಊಟದ ವಿಷಯದಲ್ಲಿ ನಾವು ಮಾಡಬಹುದಾದ ಎಲ್ಲ ಉಪಾಯಗಳೂ ಈ ಹರಿವನ್ನು ತಡೆದು ತಡೆದು ಬಿಡುವ ಉಪಾಯಗಳೇ.

ಸೂಚ್ಯಂಕ ಹೇಳುವುದು ಅರ್ಧ ಮಾತ್ರ

ಆಹಾರದ ಪಿಷ್ಟ ಎಷ್ಟು ಬೇಗ ರಕ್ತದ ಗ್ಲೂಕೋಸನ್ನು ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕವನ್ನು 1981ರಲ್ಲಿ ಮುಂದಿಟ್ಟವರು ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು. ಗ್ಲೂಕೋಸಿಗೆ 100 ಅಂಕ. 55 ಮತ್ತು ಅದಕ್ಕಿಂತ ಕೆಳಗಿದ್ದರೆ ಕಡಿಮೆ, 70 ಮತ್ತು ಮೇಲಿದ್ದರೆ ಹೆಚ್ಚು. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ಸಿರಿಧಾನ್ಯಗಳ ಸರಾಸರಿ ಸೂಚ್ಯಂಕವನ್ನು 52.7 ಎಂದಿತು. ಪಾಲಿಶ್ ಅಕ್ಕಿ ಮತ್ತು ಮೈದಾಕ್ಕಿಂತ ಇದು ಶೇ 36ರಷ್ಟು ಕಡಿಮೆ. ಸಿರಿಧಾನ್ಯದ ಅಭಿಮಾನಿಗಳ ಮಾತಿಗೆ ಇಲ್ಲಿ ಆಧಾರವಿದೆ.

ಆದರೆ ಸೂಚ್ಯಂಕ ವೇಗವನ್ನಷ್ಟೇ ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಅದಕ್ಕಾಗಿಯೇ 1997ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಗ್ಲೈಸೆಮಿಕ್ ಲೋಡ್ ಎಂಬ ಇನ್ನೊಂದು ಅಳತೆ ತಂದರು. ತಿಂದ ಪಿಷ್ಟದ ಗ್ರಾಂಗಳನ್ನು ಸೂಚ್ಯಂಕದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಅದು ಸಿಗುತ್ತದೆ. 20 ದಾಟಿದರೆ ಹೆಚ್ಚು ಎಂದು ಲೆಕ್ಕ. ನಮ್ಮ ತಟ್ಟೆಗೇ ಇದನ್ನು ಅನ್ವಯಿಸಿ ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ. ವ್ಯತ್ಯಾಸ 11 ಗ್ರಾಂ ಅಷ್ಟೆ. ತಲಾ 100 ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೆ 134 ಗ್ರಾಂ ಪಿಷ್ಟ ಒಳಹೋಯಿತು. ಸೂಚ್ಯಂಕ 55 ಎಂದು ಉದಾರವಾಗಿ ಹಿಡಿದರೂ ಲೋಡ್ ಸುಮಾರು 74. ಐವತ್ತು ಗ್ರಾಂ ಅಕ್ಕಿಯ ಅನ್ನದಲ್ಲಿ 39 ಗ್ರಾಂ ಪಿಷ್ಟ. ಸೂಚ್ಯಂಕ 75 ಎಂದಿಟ್ಟರೂ ಲೋಡ್ 30ರ ಒಳಗೇ. ಎರಡು ದೊಡ್ಡ ಮುದ್ದೆ ಒಂದು ಬಟ್ಟಲು ಅನ್ನಕ್ಕಿಂತ ಎರಡೂವರೆ ಪಟ್ಟು ಭಾರ!

ಹಾಗಾದರೆ ರಾಗಿಯ ಹೆಚ್ಚುಗಾರಿಕೆ ಎಲ್ಲಿದೆ? ಅದೇ ಕೋಷ್ಟಕ ನೋಡಿ: ರಾಗಿಯಲ್ಲಿ ನೂರು ಗ್ರಾಂಗೆ 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಜೋಳದಲ್ಲಿ 10 ಗ್ರಾಂ. ಸುಣ್ಣದಂಶದಲ್ಲಂತೂ ರಾಗಿಗೆ ಅಕ್ಕಿ ಸಾಟಿಯೇ ಅಲ್ಲ. ಒಂದು ಚಿಕ್ಕ ಮುದ್ದೆ ಉಂಡವರಿಗೆ ಈ ಲಾಭವೆಲ್ಲ ಸಿಗುತ್ತದೆ. ‘ರಾಗಿ ತಾನೇ, ಎಷ್ಟಾದರೂ ತಿನ್ನಬಹುದು’ ಎಂದು ಇನ್ನೊಂದನ್ನು ಹಾಕಿಸಿಕೊಂಡ ಕೂಡಲೇ ಲಾಭ ಕರಗುತ್ತದೆ.

ಬೀಸಿದಷ್ಟೂ ಬೇಗ

ಧಾನ್ಯ ಒಂದೇ ಆದರೂ ರೂಪ ಬದಲಾದರೆ ಶುಗರ್‌ನ ಏರಿಳಿತ ಬದಲಾಗುತ್ತದೆ. ಕಾಳಿನ ಸಿಪ್ಪೆ ಮತ್ತು ಒಳಗೋಡೆ ಪಿಷ್ಟವನ್ನು ಕಾಯುತ್ತವೆ. ಬೀಸಿದಾಗ ಆ ಗೋಡೆ ಒಡೆಯುತ್ತದೆ. ಹಿಟ್ಟು ನುಣ್ಣಗಾದಷ್ಟೂ ಕಿಣ್ವಗಳ ದಾರಿ ಸಲೀಸು. ನೀರಿನಲ್ಲಿ ಕುದಿಸಿದಾಗ ಪಿಷ್ಟ ನೀರು ಹೀರಿ ಉಬ್ಬಿ ಸಡಿಲವಾಗುತ್ತದೆ. ಹೆಚ್ಚು ನೀರು, ಹೆಚ್ಚು ಹೊತ್ತು ಬೇಯಿಸಿದಷ್ಟೂ ಜೀರ್ಣ ಸುಲಭ. ಅದಕ್ಕೇ ಜ್ವರ ಬಂದವರಿಗೆ ಗಂಜಿ ಒಗ್ಗುತ್ತದೆ. ಅದೇ ಕಾರಣಕ್ಕೆ ತೆಳ್ಳಗೆ ಕುದಿಸಿ ಲೋಟಗಟ್ಟಲೆ ಕುಡಿಯುವ ರಾಗಿ ಗಂಜಿ, ಅಗಿದು ತಿನ್ನುವ ರಾಗಿ ರೊಟ್ಟಿಗಿಂತ ಬೇಗ ರಕ್ತಕ್ಕಿಳಿಯುತ್ತದೆ.

ಮೊಳಕೆ ಬರಿಸಿದ ರಾಗಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ರಾಗಿ ಮೊಳೆಯುವಾಗ ಅದರೊಳಗೇ ಅಮೈಲೇಸ್ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯತೊಡಗುತ್ತದೆ. ಹಸುಗೂಸಿಗೆ ತಿನ್ನಿಸುವ ರಾಗಿ ಸರಿಗೆ ಮೊಳಕೆ ರಾಗಿಯನ್ನೇ ಬಳಸುವುದರ ಹಿಂದಿನ ಜಾಣತನ ಇದು: ಸರಿ ಗಂಟಾಗದೆ ತೆಳ್ಳಗಿರುತ್ತದೆ, ಎಳೆಯ ಹೊಟ್ಟೆಗೆ ಸುಲಭವಾಗಿ ಅರಗುತ್ತದೆ. ಮಗುವಿಗೆ ವರವಾದ ಈ ಗುಣವೇ ಸಕ್ಕರೆ ಕಾಯಿಲೆಯವರಿಗೆ ತೊಡಕು. ‘ಆರೋಗ್ಯಕ್ಕೆ ಒಳ್ಳೇದು’ ಎಂದು ಬೆಳಿಗ್ಗೆ ಮೊಳಕೆ ರಾಗಿ ಮಾಲ್ಟಿಗೆ ಬೆಲ್ಲ ಹಾಕಿ ಕುಡಿಯುವವರು ಮೀಟರ್ ಹಿಡಿದು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತಿಂಡಿಯ ತಟ್ಟೆಯಲ್ಲೂ ಇದೇ ಕಥೆ. ಮಂಡಕ್ಕಿ ಹಗುರ ಎಂದು ನಾವು ನಂಬುತ್ತೇವೆ. ತೂಕದಲ್ಲಿ ಹಗುರವೇ ಹೌದು. ಆದರೆ ಉಬ್ಬಿಸಿದ ಪಿಷ್ಟ ಬಾಯಲ್ಲೇ ಕರಗುವಷ್ಟು ಸಡಿಲ, ರಕ್ತಕ್ಕೂ ಅಷ್ಟೇ ಬೇಗ ಇಳಿಯುತ್ತದೆ. ಇಡ್ಲಿ ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು, ಹುದುಗಿದ್ದು, ಎಲ್ಲವೂ ಸರಿ. ಆದರೆ ಅದರ ಬಹುಪಾಲು ಅಕ್ಕಿ. ಉದ್ದಿನ ಪಾಲು ಹೆಚ್ಚಿಸಿ, ಎರಡಕ್ಕೆ ನಿಲ್ಲಿಸಿ, ಸಾಂಬಾರು ಧಾರಾಳವಾಗಿ ಹಾಕಿಕೊಂಡರೆ ಇಡ್ಲಿ ಕೆಟ್ಟದ್ದಲ್ಲ. ಅಕ್ಕಿಯೇ ಇಲ್ಲದ ಹೆಸರುಕಾಳಿನ ದೋಸೆ, ಬೇಳೆ ಹೆಚ್ಚಿರುವ ಅಡೆ ಇನ್ನೂ ಒಳ್ಳೆಯ ಆಯ್ಕೆ. ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯನ್ನು ಭತ್ತದಲ್ಲೇ ಬೇಯಿಸಿ ಒಣಗಿಸಿರುತ್ತಾರೆ. ಹಾಗೆ ಮಾಡಿದಾಗ ಪಿಷ್ಟದ ಒಂದು ಭಾಗ ಬಿಗಿಯುತ್ತದೆ, ತೌಡಿನ ಕೆಲವು ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ. ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿ ಬಿಳಿ ಬೆಳ್ತಿಗೆಗಿಂತ ಮೇಲು. ತಟ್ಟೆಯಲ್ಲಿ ಗುಡ್ಡವಾಗದಿದ್ದರೆ, ಅಷ್ಟೆ.

ತಂಗಳನ್ನದ ಮಹಿಮೆ ಎಷ್ಟು?

ಬೇಯಿಸಿದ ಪಿಷ್ಟ ತಣಿದಾಗ ಅದರ ಒಂದು ಅಂಶ ಮತ್ತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಸಣ್ಣ ಕರುಳಿನ ಕಿಣ್ವಗಳಿಗೆ ಅದು ಬಗ್ಗುವುದಿಲ್ಲ. ನಾರಿನ ಹಾಗೆ ದೊಡ್ಡ ಕರುಳು ತಲುಪಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಇದನ್ನು ನಿರೋಧಕ ಪಿಷ್ಟ ಎನ್ನುತ್ತಾರೆ. ಇಂಡೋನೇಷ್ಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಗಷ್ಟೇ ಮಾಡಿದ ಅನ್ನದ ನೂರು ಗ್ರಾಂನಲ್ಲಿ ಇದು 0.64 ಗ್ರಾಂ ಇತ್ತು. ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಆ ಅನ್ನ ಉಂಡ ಆರೋಗ್ಯವಂತರಲ್ಲಿ ಗ್ಲೂಕೋಸ್ ಕಡಿಮೆ ಏರಿತು.

ವಾಟ್ಸ್ಆ್ಯಪ್ ಸಂದೇಶಗಳು ಇದನ್ನೇ ಉಬ್ಬಿಸಿ ‘ಫ್ರಿಜ್ಜಿನಲ್ಲಿಟ್ಟ ಅನ್ನ ಶುಗರ್ ಏರಿಸುವುದೇ ಇಲ್ಲ’ ಎನ್ನುತ್ತವೆ. ಅಂಕಿಗಳನ್ನೇ ನೋಡಿ: ಹೆಚ್ಚಿದ್ದು ನೂರು ಗ್ರಾಂಗೆ ಒಂದು ಗ್ರಾಂ. ಉಳಿದ ಇಪ್ಪತ್ತು ಚಿಲ್ಲರೆ ಗ್ರಾಂ ಪಿಷ್ಟ ಎಂದಿನಂತೆ ಗ್ಲೂಕೋಸೇ ಆಗುತ್ತದೆ. ಜೊತೆಗೆ ಒಂದು ಎಚ್ಚರಿಕೆ. ಮಾಡಿದ ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಬಹುದು. ಮತ್ತೆ ಕುದಿಸಿದರೂ ಅದರ ಒಂದು ಬಗೆಯ ವಿಷ ನಾಶವಾಗುವುದಿಲ್ಲ. ಬೇಗ ತಣಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಚೆನ್ನಾಗಿ ಬಿಸಿ ಮಾಡಿ ಉಣ್ಣಿ. ಉಳಿದ ಅನ್ನ ಹೇಗೂ ಚಿತ್ರಾನ್ನ ಆಗುವುದಾದರೆ ಸಣ್ಣ ಲಾಭ ಇರಲಿ. ಅದನ್ನೇ ನಂಬಿ ಎರಡು ಸೌಟು ಹೆಚ್ಚು ಬಡಿಸಿಕೊಳ್ಳುವುದು ಬೇಡ.

ಎಲೆಯ ಮೇಲಿನ ಸರದಿ

ಲಾಭ ದೊಡ್ಡದಾಗಿ ಕಾಣುವುದು ಜೊತೆಗೆ ತಿನ್ನುವುದರಲ್ಲಿ, ತಿನ್ನುವ ಸರದಿಯಲ್ಲಿ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅಲ್ಪನಾ ಶುಕ್ಲಾ ಮತ್ತು ಸಂಗಡಿಗರು ಟೈಪ್ 2 ಮಧುಮೇಹವಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಸರದಿಯಲ್ಲಿ ಕೊಟ್ಟರು. ಒಮ್ಮೆ ಬ್ರೆಡ್ಡು, ಹಣ್ಣಿನ ರಸ ಮೊದಲು. ಇನ್ನೊಮ್ಮೆ ತರಕಾರಿ, ಕೋಳಿ ಮಾಂಸ ಮೊದಲು, ಹದಿನೈದು ನಿಮಿಷದ ಬಳಿಕ ಬ್ರೆಡ್ಡು. ಎರಡನೆಯ ಸರದಿಯಲ್ಲಿ ಒಂದು ಗಂಟೆಯ ಹೊತ್ತಿನ ಗ್ಲೂಕೋಸ್ ಸುಮಾರು ಶೇ 37ರಷ್ಟು ಕಡಿಮೆಯಿತ್ತು. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಪುಟ್ಟದು. ಆದರೆ ಅದರ ಹಿಂದಿನ ಕಾರಣ ಗಟ್ಟಿ. ಮೊದಲು ಹೋದ ನಾರು ಮತ್ತು ಪ್ರೋಟೀನು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಕರುಳಿನ ಜಿಎಲ್‌ಪಿ–1 ಹಾರ್ಮೋನನ್ನು ಎಬ್ಬಿಸಿ, ಪಿಷ್ಟ ಬರುವ ಮುನ್ನವೇ ಇನ್ಸುಲಿನ್ನನ್ನು ಸಿದ್ಧ ಮಾಡಿಡುತ್ತವೆ.

ನಮ್ಮ ಎಲೆ ಊಟದಲ್ಲಿ ಅನ್ನಕ್ಕೆ ಮೊದಲೇ ಕೋಸಂಬರಿ, ಪಲ್ಯ ಬಂದು ಕೂರುತ್ತವೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ನಿಂಬೆರಸ: ಪ್ರೋಟೀನು, ನಾರು, ಹುಳಿ ಮೂರೂ ಅದರಲ್ಲಿವೆ. ತೊಂದರೆ ಏನೆಂದರೆ ಅದು ಒಂದು ಚಮಚ, ಅನ್ನ ಒಂದು ಗುಡ್ಡೆ. ಮನೆಯಲ್ಲಿ ಈ ಲೆಕ್ಕ ತಿರುಗಿಸಬಹುದು. ಮೊದಲು ಒಂದು ಬಟ್ಟಲು ಕೋಸಂಬರಿ ಇಲ್ಲವೇ ಪಲ್ಯ ಪೂರ್ತಿ ತಿಂದು, ಆಮೇಲೆ ಅನ್ನಕ್ಕೆ ಕೈ ಹಾಕುವುದು. ಉತ್ತರ ಕರ್ನಾಟಕದ ತಟ್ಟೆ ಈ ವಿಷಯದಲ್ಲಿ ಮುಂದಿದೆ. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಈರುಳ್ಳಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಇಲ್ಲವೇ ಗುರೆಳ್ಳು ಚಟ್ನಿ, ಮೊಸರು. ಒಂದೂವರೆ ರೊಟ್ಟಿಗೆ ಇಷ್ಟು ಜೊತೆಯಿದ್ದರೆ ಪಿಷ್ಟ ತಾನಾಗಿ ಹಿಂದಿನ ಸಾಲಿಗೆ ಸರಿಯುತ್ತದೆ.

ಹಳೆ ಮೈಸೂರಿನ ಬಸ್ಸಾರಿನ ಉದಾಹರಣೆಯೂ ಇಲ್ಲೇ ಬರಬೇಕು. ಕಾಳು, ಸೊಪ್ಪು ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗಿ, ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಕಾಳಿನ ಪ್ರೋಟೀನೂ ಸೊಪ್ಪಿನ ನಾರೂ ಹೊರಗೇ ಉಳಿದವು. ಮುದ್ದೆ ಅರ್ಧವಾಗಿ ಪಲ್ಯ ಇಮ್ಮಡಿಯಾದರೆ ಅದೇ ಅಡುಗೆ ಸಕ್ಕರೆ ಕಾಯಿಲೆಗೆ ಹೇಳಿ ಮಾಡಿಸಿದ ಊಟ. ತಿಳಿಸಾರಿಗೂ ಇದೇ ಮಾತು: ಬೇಳೆಕಟ್ಟಿನ ನೀರಿನಲ್ಲಿ ಬೇಳೆ ಎಷ್ಟಿರುತ್ತದೆ? ಹುರುಳಿಕಾಳು, ಅವರೆಕಾಳು, ಅಲಸಂದೆ, ಮಡಿಕೆ ಕಾಳು ಗಟ್ಟಿಯಾಗಿ ತಟ್ಟೆಗೆ ಬೀಳಬೇಕು. ಮೊಟ್ಟೆ, ಮೀನು ತಿನ್ನುವವರಿಗೆ ದಾರಿ ಇನ್ನೂ ಸುಲಭ. ಬೆಳಗಿನ ಊಟದಲ್ಲಿ ಕಾಳು ತಿಂದವರಿಗೆ ಮಧ್ಯಾಹ್ನದ ಊಟದ ನಂತರವೂ ಗ್ಲೂಕೋಸ್ ಕಡಿಮೆ ಏರುವುದನ್ನು ಜೆಂಕಿನ್ಸ್ ತಂಡ 1980ರ ದಶಕದ ಆರಂಭದಲ್ಲೇ ಗುರುತಿಸಿತ್ತು.

ಇನ್ನು, ತರಕಾರಿ ಎಂದು ಎಣಿಸಬಾರದ ತರಕಾರಿಗಳೂ ಇವೆ. ಚಪಾತಿಗೆ ಆಲೂಗಡ್ಡೆ ಪಲ್ಯ, ಪೂರಿಗೆ ಸಾಗು, ದೋಸೆಯೊಳಗೆ ಆಲೂ ಎಂದರೆ ಪಿಷ್ಟಕ್ಕೆ ಪಿಷ್ಟವೇ ಜೊತೆ. ಆಲೂ ಬೇಕೆಂದ ದಿನ ಚಪಾತಿ ಒಂದು ಕಡಿಮೆಯಾಗಲಿ.

ಅಜ್ಜನ ಊಟ, ನಮ್ಮ ಕುರ್ಚಿ

‘ನಮ್ಮಜ್ಜ ದಿನಕ್ಕೆ ಮೂರು ಮುದ್ದೆ ಉಣ್ತಿದ್ರು, ಏನೂ ಆಗ್ಲಿಲ್ಲ’ ಎಂಬ ವಾದಕ್ಕೆ ಉತ್ತರ ಹೊಲದಲ್ಲಿದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ನೇಗಿಲ ಹಿಂದೆ ನಡೆದ ಕಾಲಿಗೆ ಮೂರು ಮುದ್ದೆ ಸಾಲುತ್ತಲೂ ಇರಲಿಲ್ಲ. ಅದೇ ಮುದ್ದೆ ಉಂಡು ಕುರ್ಚಿಯಲ್ಲಿ ಎಂಟು ಗಂಟೆ ಕೂತರೆ ಗ್ಲೂಕೋಸ್ ಹೋಗುವುದಾದರೂ ಎಲ್ಲಿಗೆ?

ಹೊಲಕ್ಕೆ ಮರಳಬೇಕಿಲ್ಲ, ಹತ್ತು ನಿಮಿಷದ ನಡಿಗೆಯಿಂದಲೂ ಕೆಲಸವಾಗುತ್ತದೆ, ಹೊತ್ತು ಸರಿಯಾಗಿದ್ದರೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದಾಗಿನದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಗ್ಲೂಕೋಸ್ ಸರಾಸರಿ ಶೇ 12ರಷ್ಟು ಕಡಿಮೆಯಿತ್ತು. ಪಿಷ್ಟ ಹೆಚ್ಚಿದ್ದ ರಾತ್ರಿಯೂಟದ ನಂತರ ಶೇ 22ರಷ್ಟು. ನಮ್ಮಲ್ಲಿ ದಿನದ ದೊಡ್ಡ ಊಟ ರಾತ್ರಿ ಒಂಬತ್ತೂವರೆಗೆ, ಟಿ.ವಿ. ಮುಂದೆ; ಅಲ್ಲಿಂದ ನೇರ ಹಾಸಿಗೆಗೆ. ಊಟವನ್ನು ಎಂಟರೊಳಗೆ ಮುಗಿಸಿ, ಓಣಿಯಲ್ಲಿ ಎರಡು ಸುತ್ತು ಹಾಕಲು ಖರ್ಚೇನೂ ಇಲ್ಲ.

ಔಷಧಿ ನುಂಗುವವರಿಗೆ

ಇಲ್ಲಿ ಹೇಳಿದ್ದೆಲ್ಲ ಮಾತ್ರೆಗೆ ಬದಲಿಯಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಏಕಾಏಕಿ ಅನ್ನ, ಮುದ್ದೆ ಅರ್ಧಕ್ಕಿಳಿಸಿದರೆ ಶುಗರ್ 70ಕ್ಕಿಂತ ಕೆಳಗೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಬೇಕು. ಪಿಷ್ಟ ಒಡೆಯುವುದನ್ನೇ ನಿಧಾನಿಸುವ ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ. ಅವರ ಕೈಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಮೂತ್ರಪಿಂಡದ ತೊಂದರೆಯಿರುವವರು ಕಾಳು, ಮೊಸರು ಹೆಚ್ಚಿಸುವ ಮುನ್ನ ಕೇಳಿಯೇ ಮುಂದುವರಿಯಬೇಕು.

ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಪಟ್ಟಿಗಿಂತ ಮೀಟರ್ ಚೆನ್ನಾಗಿ ಹೇಳುತ್ತದೆ. ಇಸ್ರೇಲಿನ ವೈಜ್ಮನ್ ಸಂಸ್ಥೆ 800 ಜನರ ಗ್ಲೂಕೋಸನ್ನು ವಾರವಿಡೀ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಆಹಾರಕ್ಕೆ ಒಬ್ಬೊಬ್ಬರ ಮೈ ಒಂದೊಂದು ಬಗೆಯಲ್ಲಿ ಪ್ರತಿಕ್ರಿಯಿಸಿದ್ದು ಕಂಡಿತು. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಅಳೆದು, ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಬರೆದಿಡಿ. ಮಧುಮೇಹಿಗಳಲ್ಲಿ ಊಟದ ನಂತರದ ಅಂಕಿ 180ರ ಒಳಗಿರಲಿ ಎಂಬುದು ಸಾಮಾನ್ಯ ಗುರಿ. ನಿಮ್ಮ ಗುರಿಯನ್ನು ನಿಮ್ಮ ಡಾಕ್ಟರೇ ಹೇಳಬೇಕು. ಒಂದು ಮುದ್ದೆಯ ದಿನ, ಎರಡು ಮುದ್ದೆಯ ದಿನ, ಪಲ್ಯ ಮೊದಲು ತಿಂದ ದಿನ, ಉಂಡು ನಡೆದ ದಿನ: ನಾಲ್ಕನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಯಾವ ಬದಲಾವಣೆ ನಿಮಗೆ ಹಿಡಿಸಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಕೊನೆಗೆ ಅಡುಗೆ ಮಾಡುವವರ ಕಡೆಯಿಂದ ಒಂದು ಮಾತು. ಮನೆಯಲ್ಲಿ ಒಬ್ಬರಿಗೆ ಶುಗರ್ ಬಂದ ಕೂಡಲೇ ಅವರಿಗೆ ಬೇರೆ ಪಾತ್ರೆ, ಬೇರೆ ಧಾನ್ಯ, ಸಪ್ಪೆ ಸಾರು ಶುರುವಾಗುತ್ತದೆ. ಎರಡು ಬಗೆ ಬೇಯಿಸಿ ಬೇಯಿಸಿ ಸುಸ್ತಾದ ಹೆಂಗಸು ಎರಡು ತಿಂಗಳಲ್ಲಿ ಪಥ್ಯವನ್ನೇ ಕೈಬಿಡುತ್ತಾಳೆ. ಅದರ ಅಗತ್ಯವೇ ಇಲ್ಲ. ಸಣ್ಣ ಮುದ್ದೆ, ದೊಡ್ಡ ಬಟ್ಟಲು ಪಲ್ಯ, ಗಟ್ಟಿ ಕಾಳಿನ ಸಾರು ಮನೆಮಂದಿಗೆಲ್ಲ ಒಂದೇ ಆಗಬಹುದು. ಹೊಸ್ತಿಲಲ್ಲಿ ನಿಂತ ಆ 13.6 ಕೋಟಿ ಜನರಲ್ಲಿ ಕೆಲವರು ಅದೇ ಪಂಕ್ತಿಯಲ್ಲಿ ಕುಳಿತಿರಬಹುದು; ರಿಪೋರ್ಟ್ ಇನ್ನೂ ಕೈಗೆ ಬಂದಿಲ್ಲ, ಅಷ್ಟೆ. ಅವರಿಗೂ ಇದೇ ಊಟ ಬೇಕಾಗಿದೆ.